ಪಾತ್ರ ಹಂಚಿಕೊಂಡು ಓದುವ ಮಕ್ಕಳು

ತರಗತಿಯಲ್ಲಿ ಕಥೆ ಪುಸ್ತಕವೊಂದನ್ನು ಓದಿ ಮುಗಿಸಿದ ಮೇಲೆ ಏನು ನಡೆಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಟೀಚರ್ ಪ್ರಶ್ನೆ ಕೇಳುತ್ತಾರೆ. ಮುಂದಿನ ಬೆಂಚಿನ ಮೂರು ನಾಲ್ಕು ಕೈಗಳು ಮೇಲೇಳುತ್ತವೆ. ಉತ್ತರ ಬರುತ್ತದೆ, ಉಳಿದವರು ಅದನ್ನು ನೋಟ್ಸ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾರೆ. ಕೇಳಿದ ಟೀಚರಿಗೆ ಆ ಉತ್ತರ ಮೊದಲೇ ಗೊತ್ತಿತ್ತು. ಅದು ಮಕ್ಕಳಿಗೂ ಗೊತ್ತು. ಹೀಗಿರುವಾಗ ಕಥೆಯ ಬಗ್ಗೆ ಮಾತನಾಡಬೇಕೆಂಬ ಆಸೆ ಹುಟ್ಟುವುದಾದರೂ ಎಲ್ಲಿಂದ?

ಅಮೆರಿಕದ ಶಾಲೆಗಳಲ್ಲಿ ಕೆಲವರು ಬೇರೊಂದು ದಾರಿ ಹಿಡಿದರು. ಹಾರ್ವೆ ಡೇನಿಯಲ್ಸ್ ಎಂಬ ಶಿಕ್ಷಣತಜ್ಞರು ಷಿಕಾಗೋದ ಶಿಕ್ಷಕರ ಜೊತೆ ಕೆಲಸ ಮಾಡಿದ ಅನುಭವದಿಂದ 1994ರಲ್ಲಿ 'ಲಿಟರೇಚರ್ ಸರ್ಕಲ್ಸ್' ಎಂಬ ಪುಸ್ತಕ ಪ್ರಕಟಿಸಿದರು. ನಾವು ಇದನ್ನು ಓದುಕೂಟ ಎನ್ನೋಣ. ಕ್ರಮ ಸರಳ. ತರಗತಿಯ ಮಕ್ಕಳು ನಾಲ್ಕೈದು ಜನರ ಗುಂಪುಗಳಾಗುತ್ತಾರೆ. ಗುಂಪಿಗೊಂದು ಕಾದಂಬರಿ. ಎರಡು ಮೂರು ಅಧ್ಯಾಯ ಓದಿಕೊಂಡು ಬರಬೇಕು. ಬರುವಾಗ ಪ್ರತಿಯೊಬ್ಬರೂ ಒಂದು ಕೆಲಸ ಮಾಡಿಕೊಂಡು ಬರಬೇಕು. ಒಬ್ಬಳದು ಪ್ರಶ್ನೆ ತರುವ ಕೆಲಸ. ಒಬ್ಬನದು ಮತ್ತೊಮ್ಮೆ ಗಟ್ಟಿಯಾಗಿ ಓದಬೇಕೆನಿಸಿದ ಭಾಗವನ್ನು ಆರಿಸುವುದು. ಇನ್ನೊಬ್ಬರು ಕಥೆಗೂ ಹೊರಗಿನ ಬದುಕಿಗೂ ಕೊಂಡಿ ಹಾಕಬೇಕು, ಮತ್ತೊಬ್ಬರು ಚಿತ್ರ ಬರೆಯಬೇಕು. ಕಷ್ಟದ ಪದ ಹುಡುಕುವುದು, ಸಾರಾಂಶ ಹೇಳುವುದು, ಕಥೆಯ ಊರು ಮತ್ತು ಕಾಲದ ವಿವರ ಸಂಗ್ರಹಿಸುವುದು, ಇವೂ ಸರದಿಯಲ್ಲಿ ಬರುತ್ತವೆ. ಮುಂದಿನ ಸಲ ಪಾತ್ರಗಳು ಅದಲುಬದಲು. ಟೀಚರ್ ಗುಂಪಿನಿಂದ ಗುಂಪಿಗೆ ಹೋಗಿ ಕೇಳಿಸಿಕೊಳ್ಳುತ್ತಾರೆ, ಉತ್ತರ ಹೇಳುವುದಿಲ್ಲ. (ನಮ್ಮ ಅನೇಕ ಶಿಕ್ಷಕರಿಗೂ ಹೆತ್ತವರಿಗೂ ಈ ಕೊನೆಯದೇ ಎಲ್ಲಕ್ಕಿಂತ ಕಷ್ಟವಾದೀತು!)

ಇದರಿಂದ ಹೆಚ್ಚು ಲಾಭವಾಗುವುದು ಮಾತಿನಮಲ್ಲರಿಗಲ್ಲ, ಬಾಯಿ ಬಿಡದ ಮಕ್ಕಳಿಗೆ. ನಲವತ್ತು ಜನರೆದುರು ಎದ್ದು ನಿಲ್ಲಲು ಅಂಜುವ ಹುಡುಗಿ ನಾಲ್ವರ ನಡುವೆ ತನ್ನ ಚಿತ್ರವನ್ನು ಮೇಜಿನ ಮೇಲಿಡಬಲ್ಲಳು. ಅವಳು ಏನೂ ಹೇಳಬೇಕಾಗಿಲ್ಲ. ಉಳಿದವರು ಅದು ಯಾವ ಸಂದರ್ಭ ಎಂದು ಊಹಿಸುತ್ತಾರೆ. ತಪ್ಪಾಗಿ ಊಹಿಸಿದಾಗ ಅವಳೇ ಬಾಯಿ ತೆರೆಯುತ್ತಾಳೆ.

ಇಂಥ ಗುಂಪುಗಳಲ್ಲಿ ಐದು, ಆರನೆಯ ತರಗತಿಯ ಮಕ್ಕಳು ಬಹಳವಾಗಿ ಓದುವ ಕಾದಂಬರಿಗಳಲ್ಲಿ ಒಂದು ಲೋಯಿಸ್ ಲೌರಿಯವರ 'ನಂಬರ್ ದ ಸ್ಟಾರ್ಸ್'. 1989ರಲ್ಲಿ ಪ್ರಕಟವಾದ ಈ ಕೃತಿಗೆ 1990ರಲ್ಲಿ ಮಕ್ಕಳ ಸಾಹಿತ್ಯದ ನ್ಯೂಬೆರಿ ಪದಕ ದೊರೆಯಿತು. ಕಥೆ ನಡೆಯುವುದು 1943ರ ಡೆನ್ಮಾರ್ಕಿನಲ್ಲಿ. ದೇಶ ಹಿಟ್ಲರನ ಸೈನ್ಯದ ವಶದಲ್ಲಿದೆ. ಹತ್ತು ವರ್ಷದ ಆನ್‌ಮರೀಯ ಗೆಳತಿ ಎಲೆನ್ ಯೆಹೂದ್ಯಳು. ಯೆಹೂದ್ಯರನ್ನು ಹಿಡಿದು ಸಾಗಿಸಲಿದ್ದಾರೆ ಎಂಬ ಸುದ್ದಿ ಬಂದಾಗ ಆನ್‌ಮರೀಯ ಮನೆಯವರು ಎಲೆನ್‌ಳನ್ನು, ತೀರಿಹೋದ ತಮ್ಮ ಹಿರಿಮಗಳೆಂದು ಹೇಳಿ ಬಚ್ಚಿಡುತ್ತಾರೆ. ನಡುರಾತ್ರಿ ಸೈನಿಕರು ಬಾಗಿಲು ಬಡಿಯುತ್ತಾರೆ. ಗೆಳತಿಯ ಕೊರಳಿನ ದಾವೀದನ ನಕ್ಷತ್ರದ ಸರವನ್ನು ಆನ್‌ಮರೀ ಕಿತ್ತು ಮುಷ್ಟಿಯಲ್ಲಿ ಅಡಗಿಸುತ್ತಾಳೆ. ಸೈನಿಕರು ಹೋದ ಮೇಲೆ ನೋಡಿದರೆ ಅಂಗೈಯಲ್ಲಿ ನಕ್ಷತ್ರದ ಅಚ್ಚು ಮೂಡಿದೆ. ಚಿತ್ರ ಬರೆಯುವ ಪಾತ್ರದವರಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಪದ ಹುಡುಕುವವರಿಗೆ ಬೇರೆಯದೇ ಸಿಗುತ್ತದೆ. ಆನ್‌ಮರೀಯ ಪುಟ್ಟ ತಂಗಿಗೆ ಅಮ್ಮ ಮೀನಿನ ತೊಗಲಿನ ಶೂ ತಂದಿದ್ದಾರೆ. ಯಾಕೆ? ಯುದ್ಧದಿಂದಾಗಿ ಊರಿನಲ್ಲಿ ಚರ್ಮವೇ ಇಲ್ಲ. ಒಂದು ಶೂಗಾಗಿ ಅಳುವ ಮಗುವಿನಿಂದ ಇಡೀ ದೇಶದ ಕೊರತೆ ಅರ್ಥವಾಗುತ್ತದೆ.

ಆದರೆ ಎಲ್ಲವೂ ನಿಂತಿರುವುದು ಪ್ರಶ್ನೆ ತರುವವರ ಮೇಲೆ. 'ಆನ್‌ಮರೀಯ ಮಾವನ ಹೆಸರೇನು?' ಎಂದರೆ ಒಂದು ಪದದಲ್ಲಿ ಮಾತು ಮುಗಿಯಿತು. ಇನ್ನೊಂದು ಬಗೆಯ ಪ್ರಶ್ನೆ ನೋಡಿ. ಕಡಲತೀರದಲ್ಲಿರುವ ಮಾವನ ಮನೆಯಲ್ಲಿ ಶವಪೆಟ್ಟಿಗೆಯೊಂದಿದೆ. ದೊಡ್ಡತ್ತೆಯೊಬ್ಬರು ತೀರಿಕೊಂಡರು ಎಂದು ಹಿರಿಯರು ಹೇಳುತ್ತಾರೆ. ಅಂಥ ಅತ್ತೆಯೇ ತಮಗಿಲ್ಲ ಎಂಬುದು ಹುಡುಗಿಗೆ ಹೊಳೆಯುತ್ತದೆ. ಪೆಟ್ಟಿಗೆ ಏಕೆ ಮುಚ್ಚಿದೆ ಎಂದು ಗದರಿಸುವ ಅಧಿಕಾರಿಗೆ ತಾಯಿ, ಸತ್ತದ್ದು ಅಂಟುರೋಗದಿಂದ ಎನ್ನುತ್ತಾರೆ. ಒಳಗಿರುವುದು ಕತ್ತಲಲ್ಲಿ ದೋಣಿ ಏರಿ ಸ್ವೀಡನ್ನಿಗೆ ಹೋಗುವವರಿಗಾಗಿ ಇಟ್ಟ ಬೆಚ್ಚನೆಯ ಬಟ್ಟೆ, ಕಂಬಳಿ. ಈಗ ಪ್ರಶ್ನೆ: ತಾಯಿ ಸುಳ್ಳು ಹೇಳಿದ್ದು ಸರಿಯೇ? ಮಗಳಿಗೂ ನಿಜ ಹೇಳದೆ ಇದ್ದದ್ದು ಸರಿಯೇ?

ನಮ್ಮ ಮಕ್ಕಳು ಇದನ್ನು ಓದಿದರೆ ದಶಾಜ್ಞೆಗಳಲ್ಲಿ ಎಂಟನೆಯದನ್ನು ಎತ್ತಿಯೇ ಎತ್ತುತ್ತಾರೆ. ಎತ್ತಲಿ. ಜೀವ ಉಳಿಸಲೆಂದು ಕೂಡ ಸುಳ್ಳು ಕೂಡದು ಎಂದು ಸಂತ ಅಗಸ್ಟೀನರೇ ವಾದಿಸಿದ್ದರು. ಅದೇ ವೇಳೆಗೆ ಕೊಂಡಿ ಹಾಕುವ ಪಾತ್ರದ ಮಗು ವಿಮೋಚನಾಕಾಂಡದ ಮೊದಲನೆಯ ಅಧ್ಯಾಯವನ್ನು ತೆರೆಯಬಹುದು. ಗಂಡುಕೂಸುಗಳನ್ನು ಕೊಲ್ಲದೆ ಉಳಿಸಿ ಫರೋಹನಿಗೆ ನೆಪ ಹೇಳಿದ ಸೂಲಗಿತ್ತಿಯರು ಅಲ್ಲಿದ್ದಾರೆ. ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದರು. ಹತ್ತು ವರ್ಷದವರು ಇಂಥ ಕಡೆ ತಡವರಿಸುತ್ತಾರೆ, ಒಬ್ಬರನ್ನೊಬ್ಬರು ತಿದ್ದುತ್ತಾರೆ, ಪುಟ ತಿರುವಿ ಆಧಾರ ಹುಡುಕುತ್ತಾರೆ. ನಾವು ನಡುವೆ ಹೋಗಿ ತೀರ್ಪು ಕೊಟ್ಟರೆ ಆ ಹುಡುಕಾಟ ಅಲ್ಲಿಗೇ ನಿಲ್ಲುತ್ತದೆ.

ವಿವರ ಸಂಗ್ರಹಿಸುವವರು ಕಾದಂಬರಿಯಲ್ಲಿಲ್ಲದ ಸತ್ಯಗಳನ್ನೂ ತರುತ್ತಾರೆ. 1943ರ ಅಕ್ಟೋಬರಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಯೆಹೂದ್ಯರು ಡೆನ್ಮಾರ್ಕಿನಿಂದ ಸ್ವೀಡನ್ನಿಗೆ ದಾಟಿ ಬದುಕಿದರು. ಮೀನುಗಾರರು ತಮ್ಮ ದೋಣಿಗಳಲ್ಲಿ ಅನೇಕರನ್ನು ಸಾಗಿಸಿದರು. ಅಕ್ಟೋಬರ್ 3ರಂದು ಅಲ್ಲಿನ ಚರ್ಚುಗಳಲ್ಲಿ ಯೆಹೂದ್ಯರ ಪರವಾಗಿ ಲೂಥರನ್ ಬಿಷಪರ ಪತ್ರ ಓದಲಾಯಿತು. ಆದರೆ ಎಲ್ಲರೂ ಪಾರಾಗಲಿಲ್ಲ. ಕಥೆಯ ಮಾವ ವಾಸಿಸುವ ಗಿಲೆಲೈ ಎಂಬ ಬೆಸ್ತರ ಊರು ನಿಜವಾದದ್ದು. ಅಲ್ಲಿಯ ಚರ್ಚಿನ ಅಟ್ಟದಲ್ಲಿ ಅಡಗಿದ್ದ ಸುಮಾರು 80 ಜನರನ್ನು ಅದೇ ತಿಂಗಳು ಜರ್ಮನರು ಹಿಡಿದೊಯ್ದರು. ಎಲೆನ್ ಪಾರಾದಳೆಂದು ಸಂತೋಷಪಟ್ಟ ಗುಂಪಿನಲ್ಲಿ ಒಬ್ಬ ಹುಡುಗ ಇದನ್ನು ಓದಿ ಹೇಳಿದರೆ ಸ್ವಲ್ಪ ಹೊತ್ತು ಯಾರೂ ಮಾತನಾಡಲಾರರು. ಆ ಮೌನವೂ ಚರ್ಚೆಯ ಭಾಗವೇ.

ಈ ಪದ್ಧತಿಗೆ ಒಂದು ಕಾಯಿಲೆ ಇದೆ. ಪಾತ್ರದ ಹೆಸರಿನಲ್ಲಿ ಹಾಳೆ ತುಂಬಿಸುವುದೇ ಕೆಲಸವಾಗಿಬಿಡಬಹುದು. 'ನನ್ನ ಐದು ಪದ ಇವು, ನಿನ್ನದು ಓದು' ಎಂದು ಸರದಿ ಮುಗಿಸಿದರೆ ಅದು ಹಳೆಯ ಪ್ರಶ್ನೋತ್ತರಕ್ಕಿಂತ ಮೇಲೇನಲ್ಲ. ಸ್ವತಃ ಡೇನಿಯಲ್ಸ್ 2002ರ ಪರಿಷ್ಕೃತ ಆವೃತ್ತಿಯಲ್ಲಿ ಪಾತ್ರದ ಹಾಳೆಗಳು ಯಾಂತ್ರಿಕವಾಗುವ ಅಪಾಯವನ್ನು ಒಪ್ಪಿದರು. ಅವು ಆರಂಭದ ಆಸರೆ ಮಾತ್ರ ಎಂದರು. ನಮಗೂ ಹಾಗೆಯೇ ತೋರುತ್ತದೆ. ಸೈಕಲ್ ಕಲಿಯುವ ಮಗುವಿನ ಹಿಂದೆ ನಾವು ಸೀಟು ಹಿಡಿದು ಓಡುತ್ತೇವೆ, ಆದರೆ ಶಾಲೆಯವರೆಗೂ ಓಡುವುದಿಲ್ಲವಲ್ಲ. ಮಕ್ಕಳು ಹಾಳೆ ಬದಿಗಿಟ್ಟು ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಜೋಡಿಸತೊಡಗಿದಾಗ ಪಾತ್ರಗಳನ್ನು ಕೈಬಿಡಬೇಕು. ಓದುವಾಗ ತೋಚಿದ್ದನ್ನು ಬರೆದಿಡಲು ಒಂದು ಪುಸ್ತಕ ಸಾಕು.

ಗಡಿಯಾಚೆಯ ನಮ್ಮ ಅನೇಕ ಮನೆಗಳಲ್ಲಿ ಶಾಲೆಯ ಭಾಷೆ ಒಂದು, ಮನೆಯ ಭಾಷೆ ಇನ್ನೊಂದು. ಓದುಕೂಟಕ್ಕೆ ಇದು ಅಡ್ಡಿಯಲ್ಲ. ಪುಸ್ತಕ ಮಲಯಾಳಂ, ತಮಿಳು, ಮರಾಠಿ, ತೆಲುಗು, ಇಂಗ್ಲಿಷ್ ಯಾವುದರಲ್ಲೇ ಇರಲಿ, ಊಟದ ನಂತರದ ಮಾತು ಕನ್ನಡದಲ್ಲಿ ನಡೆಯಲಿ. ಶಾಲೆಯಲ್ಲಿ ಓದಿದ್ದನ್ನು ಅಜ್ಜಿಗೆ ತಿಳಿಯುವಂತೆ ಹೇಳಬೇಕಾದ ಮಗು ಕಥೆಯನ್ನು ಇನ್ನೊಮ್ಮೆ ಯೋಚಿಸಲೇಬೇಕು. ಮೂವರಿದ್ದರೂ ಸಾಕು; ಶಾಲೆಯ ಲೈಬ್ರರಿಯಿಂದ ಒಂದು ತೆಳ್ಳನೆಯ ಪುಸ್ತಕ, ವಾರಕ್ಕೆ ಎರಡು ಅಧ್ಯಾಯ. ಪ್ರಶ್ನೆ ತರುವ ಪಾತ್ರವನ್ನು ಮಾತ್ರ ಮೊದಲ ವಾರಗಳಲ್ಲಿ ಹೆತ್ತವರು ತೆಗೆದುಕೊಳ್ಳುವುದು ಬೇಡ. ಅಮ್ಮ ಪದ ಹುಡುಕಲಿ, ಅಪ್ಪ ಚಿತ್ರ ಬರೆಯಲಿ, ಎಷ್ಟೇ ಸೊಟ್ಟಗಿದ್ದರೂ ಚಿಂತೆಯಿಲ್ಲ.