ಪೈಲಟ್ ವೃತ್ತಿ: ಬದಲಾವಣೆಗೆ ಬೇಕಾದ ಹಣಕಾಸಿನ ಸಿದ್ಧತೆ

2003ರಲ್ಲಿ ಬೆಂಗಳೂರಿನಲ್ಲಿ ಕಾರ್ಯಾರಂಭ ಮಾಡಿದ ಏರ್ ಡೆಕ್ಕನ್ ಸಂಸ್ಥೆಗೆ ಸೇರಿದ ಪೈಲಟ್ ಒಬ್ಬರನ್ನು ಊಹಿಸಿಕೊಳ್ಳೋಣ. 2008ರಲ್ಲಿ ಅವರ ಸಂಸ್ಥೆಯು ಕಿಂಗ್‌ಫಿಷರ್‌ನೊಂದಿಗೆ ವಿಲೀನಗೊಂಡಿತು. 2012ರ ಅಕ್ಟೋಬರ್‌ನಲ್ಲಿ ಕಿಂಗ್‌ಫಿಷರ್‌ನ ಹಾರಾಟವೇ ನಿಂತಿತು. ಅಲ್ಲಿಂದ ಜೆಟ್ ಏರ್‌ವೇಸ್ ಸೇರಿದ್ದರೆ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ ಸೇರಿದ್ದರೆ 2023ರ ಮೇ ತಿಂಗಳಲ್ಲಿ ಅದೇ ಅನುಭವ ಮರುಕಳಿಸುತ್ತಿತ್ತು. ಇವುಗಳಲ್ಲಿ ಯಾವುದಕ್ಕೂ ಅವರ ಹಾರಾಟದ ಕೌಶಲ ಕಾರಣವಲ್ಲ.

ಲೆಕ್ಕಪರಿಶೋಧಕನು ಕಚೇರಿ ಬದಲಿಸಿದರೆ ಅರ್ಹತೆಯೂ ಜೊತೆಯಲ್ಲೇ ಬರುತ್ತದೆ. ಪೈಲಟ್‌ನ ಸ್ಥಿತಿ ಭಿನ್ನ. ಪರವಾನಗಿಯ ಮೇಲೆ ವಿಮಾನದ ಮಾದರಿಗೆ ಅನುಗುಣವಾದ ಅನುಮೋದನೆ ಇರಬೇಕು. ಬೋಯಿಂಗ್ 737 ನಡೆಸುತ್ತಿದ್ದವರು ಏರ್‌ಬಸ್ 320ಕ್ಕೆ ಬರಬೇಕಾದರೆ ಪುನಃ ತರಗತಿ, ಸಿಮ್ಯುಲೇಟರ್ ತರಬೇತಿ, ಪರೀಕ್ಷೆ. ಅನೇಕ ವೇಳೆ ವೆಚ್ಚವೂ ಅವರದೇ. ಕೆಲಸವಿಲ್ಲದೆ ಕುಳಿತರೆ ಹಾರಾಟದ ಅಭ್ಯಾಸದ ಷರತ್ತುಗಳೂ ಕೈತಪ್ಪುತ್ತವೆ. 90 ದಿನಗಳೊಳಗೆ ಕನಿಷ್ಠ ಮೂರು ಬಾರಿ ವಿಮಾನವನ್ನು ಮೇಲೇರಿಸಿ ಇಳಿಸಿರಬೇಕೆಂಬುದು ಅವುಗಳಲ್ಲೊಂದು. ಹೀಗಾಗಿ ನಿರುದ್ಯೋಗದ ಅವಧಿಯಲ್ಲಿ ಆದಾಯ ನಿಲ್ಲುವುದಲ್ಲದೆ ಖರ್ಚು ಏರುತ್ತದೆ. ತರಬೇತಿಗೆಂದು ಮನೆ ಅಡವಿಟ್ಟು ಪಡೆದ ಸಾಲದ ಕಂತು ಮಾತ್ರ ಕಾಯುವುದಿಲ್ಲ. ಆರು ತಿಂಗಳ ಮನೆಖರ್ಚಿನ ಮೀಸಲು ಸಾಕೆಂಬ ಸಾಮಾನ್ಯ ಸಲಹೆ ಇಲ್ಲಿ ಸಾಲದು. ಒಂದು ವರ್ಷದ ಖರ್ಚು ಮತ್ತು ಕಂತು, ಅದರ ಮೇಲೆ ಒಂದು ಮಾದರಿ ತರಬೇತಿಯ ಶುಲ್ಕ, ಇಷ್ಟಾದರೂ ಇರಬೇಕೆಂಬುದು ನನ್ನ ಅಭಿಪ್ರಾಯ.

ಸಂಸ್ಥೆ ಮುಚ್ಚಿದಾಗ ಬಾಕಿ ವೇತನವನ್ನು ನಂಬಿ ಯೋಜನೆ ಹಾಕತಕ್ಕದ್ದಲ್ಲ. ವಿಮಾನಗಳು ಬಹುಪಾಲು ಗುತ್ತಿಗೆಯವು. ಅವುಗಳನ್ನು ಮಾಲೀಕರು ಕೊಂಡೊಯ್ದ ಮೇಲೆ ಮಾರಿ ಹಂಚಲು ಉಳಿಯುವುದು ಅಲ್ಪ. 2016ರ ದಿವಾಳಿ ಸಂಹಿತೆಯ 53ನೇ ಪ್ರಕರಣದಂತೆ, ಸಮಾಪನದ ಸಂದರ್ಭದಲ್ಲಿ ಕಾರ್ಮಿಕರ 24 ತಿಂಗಳ ಬಾಕಿಗೆ ಭದ್ರತೆಯುಳ್ಳ ಸಾಲದಾತರಿಗೆ ಸಮಾನವಾದ ಸ್ಥಾನವಿದೆ. ಕಾರ್ಮಿಕರ ವ್ಯಾಖ್ಯೆಗೆ ಸೇರದ ನೌಕರರಿಗೆ 12 ತಿಂಗಳ ಬಾಕಿ ಮಾತ್ರ, ಅದೂ ಅವರ ನಂತರ. ಜೆಟ್ ಏರ್‌ವೇಸ್‌ನ ಸಮಾಪನಕ್ಕೆ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿದ್ದು 2024ರ ನವೆಂಬರ್‌ನಲ್ಲಿ, ಎಂದರೆ ಹಾರಾಟ ನಿಂತು ಐದೂವರೆ ವರ್ಷಗಳ ಬಳಿಕ.

ತೆರಿಗೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಸಂಬಳದಲ್ಲಿ ಮುರಿದುಕೊಂಡ ತೆರಿಗೆಯನ್ನು ಸಂಸ್ಥೆಯು ಸರ್ಕಾರಕ್ಕೆ ಕಟ್ಟದಿದ್ದರೆ ಇಲಾಖೆಯ ನೋಟಿಸು ಬರುವುದು ನೌಕರನ ಮನೆಗೆ. ಕಿಂಗ್‌ಫಿಷರ್‌ನ ಪೈಲಟ್ ಒಬ್ಬರ ಪ್ರಕರಣದಲ್ಲಿ ಗುಜರಾತ್ ಉಚ್ಚ ನ್ಯಾಯಾಲಯವು 2021ರಲ್ಲಿ, 1961ರ ಆದಾಯ ತೆರಿಗೆ ಕಾಯಿದೆಯ 205ನೇ ಪ್ರಕರಣದನ್ವಯ ಅಂತಹ ತೆರಿಗೆಯನ್ನು ನೌಕರನಿಂದ ವಸೂಲು ಮಾಡುವಂತಿಲ್ಲವೆಂದು ತೀರ್ಪಿತ್ತಿತು. ತೀರ್ಪು ಅನುಕೂಲಕರವೇ, ಆದರೆ ಕಡಿತವಾಗಿದೆಯೆಂದು ತೋರಿಸಲು ಸಂಬಳದ ಚೀಟಿ ಮತ್ತು ಬ್ಯಾಂಕ್ ವಿವರ ಕೈಯಲ್ಲಿರಬೇಕು. ಇವನ್ನು ಸಂಸ್ಥೆಯ ಗಣಕಯಂತ್ರದಲ್ಲಷ್ಟೇ ಬಿಡದೆ ಪ್ರತಿ ತಿಂಗಳೂ ಸ್ವಂತ ಕಡತಕ್ಕೆ ಸೇರಿಸಿಕೊಳ್ಳುವುದು ಒಳ್ಳೆಯದು. ತೆರಿಗೆ ಜಮೆಯಾಗಿದೆಯೇ ಎಂಬುದನ್ನು ಮೂರು ತಿಂಗಳಿಗೊಮ್ಮೆ ಇಲಾಖೆಯ ಜಾಲತಾಣದಲ್ಲಿ ನೋಡಬೇಕು. ಜಮೆ ನಿಂತಿರುವುದು ಬಹಳ ವೇಳೆ ಸಂಸ್ಥೆಯ ಸಂಕಷ್ಟದ ಮೊದಲ ಗುರುತು. ವೇತನ ತಡವಾಗುವ ಮುಂಚೆಯೇ ಅದು ಕಾಣಿಸಿಕೊಳ್ಳಬಹುದು.

ವೈದ್ಯಕೀಯ ಕಾರಣದಿಂದ ಪರವಾನಗಿ ಕಳೆದುಕೊಂಡವರಿಗೆ ಪರಿಹಾರ ನೀಡುವ ವಿಮೆಯೂ ಇದೆ. ಉದ್ಯೋಗದಾತರ ಗುಂಪು ವಿಮೆಯಾದರೆ ಕೆಲಸದೊಂದಿಗೆ ಅದೂ ಮುಗಿಯುತ್ತದೆಯೇ, ತಾತ್ಕಾಲಿಕ ಅನರ್ಹತೆಗೂ ಅನ್ವಯಿಸುತ್ತದೆಯೇ ಎಂಬ ಎರಡು ಷರತ್ತುಗಳನ್ನು ಓದಿ ನೋಡಿದ ನಂತರವೇ ಸಹಿ ಹಾಕುವುದು ಲೇಸು.