ಆನೆ ಎತ್ತಿದ ಹೆಜ್ಜೆ

ಮಗಧದ ಅರಸ ಶ್ರೇಣಿಕನ ಮಗ ಮೇಘಕುಮಾರನು ಭಗವಾನ್ ಮಹಾವೀರರಲ್ಲಿ ದೀಕ್ಷೆ ಪಡೆದ ಮೊದಲ ರಾತ್ರಿಯೇ ಮನಸ್ಸು ಕದಡಿಕೊಂಡನು. ಹೊಸಬನಾದ ಅವನಿಗೆ ಮಲಗಲು ದೊರೆತದ್ದು ಬಾಗಿಲ ಬಳಿಯ ಸ್ಥಳ. ಇರುಳಿಡೀ ಹೋಗಿಬರುವ ಮುನಿಗಳ ಕಾಲು ತಾಗಿ, ಧೂಳು ಮೈಮೇಲೆ ಬಿದ್ದು ಕಣ್ಣಿಗೆ ನಿದ್ದೆ ಹತ್ತಲಿಲ್ಲ. ಅರಮನೆಗೆ ಹಿಂದಿರುಗುವುದೇ ಲೇಸೆಂದು ಬೆಳಗಾಗುತ್ತಲೇ ಬಂದು ನಿಂತ ಶಿಷ್ಯನನ್ನು ಭಗವಾನರು ಗದರಲಿಲ್ಲ. ಅವನ ಹಿಂದಿನ ಭವವೊಂದನ್ನು ನೆನಪಿಸಿದರು.

ಆ ಭವದಲ್ಲಿ ಅವನೊಂದು ಆನೆ. ಕಾಳ್ಗಿಚ್ಚಿನ ಭಯವನ್ನು ಬಲ್ಲ ಆ ಗಜರಾಜ ತನ್ನ ಹಿಂಡಿನೊಡನೆ ಕಾಡಿನ ನಡುವೆ ಗಿಡ, ಬಳ್ಳಿ, ಹುಲ್ಲುಗಳನ್ನು ಬೇರುಸಹಿತ ಕಿತ್ತು ವಿಶಾಲವಾದ ಬಯಲೊಂದನ್ನು ಸಿದ್ಧಪಡಿಸಿತ್ತು. ಬೇಸಿಗೆಯಲ್ಲಿ ಬೆಂಕಿ ಎದ್ದಾಗ ಕಾಡಿನ ಪ್ರಾಣಿಗಳೆಲ್ಲ ಆ ಬಯಲಿಗೆ ಓಡಿಬಂದವು. ಹುಲಿಯ ಪಕ್ಕದಲ್ಲಿ ಜಿಂಕೆ, ನರಿಯ ಪಕ್ಕದಲ್ಲಿ ಮೊಲ; ಕಾಲಿಡಲೂ ಎಡೆಯಿಲ್ಲ. ಮೈ ತುರಿಸಿಕೊಳ್ಳಲು ಆನೆ ಒಂದು ಕಾಲನ್ನೆತ್ತಿದ್ದೇ ತಡ, ತೆರವಾದ ಜಾಗದಲ್ಲಿ ಮೊಲವೊಂದು ಬಂದು ಕುಳಿತಿತು. ಕಾಲನ್ನು ಇಳಿಸಹೊರಟ ಆನೆ ಅದನ್ನು ಕಂಡಿತು, ಇಳಿಸಲಿಲ್ಲ. ಎರಡೂವರೆ ದಿನ ಬೆಂಕಿ ಉರಿಯಿತು, ಎರಡೂವರೆ ದಿನ ಕಾಲು ಮೇಲೆಯೇ ಇತ್ತು. ಬೆಂಕಿ ನಂದಿ ಮೊಲ ಹೊರಟುಹೋದ ಬಳಿಕ ಮರಗಟ್ಟಿದ ಕಾಲು ಬಾಗದೆ ಆನೆ ನೆಲಕ್ಕುರುಳಿತು, ಮೂರು ದಿನಗಳಲ್ಲಿ ಪ್ರಾಣ ಬಿಟ್ಟಿತು. ಆ ಅನುಕಂಪದ ಫಲವೇ ಮೇಘಕುಮಾರನ ಮಾನವಜನ್ಮ. ಶ್ವೇತಾಂಬರ ಆಗಮಗಳಲ್ಲಿ ಆರನೆಯ ಅಂಗವಾದ ಜ್ಞಾತಾಧರ್ಮಕಥಾದ ಮೊದಲ ಅಧ್ಯಯನದಲ್ಲಿ ಈ ವೃತ್ತಾಂತವಿದೆ.

ಕಥೆ ಕೇಳಿದವರೆಲ್ಲ ಆ ಎತ್ತಿದ ಕಾಲನ್ನು ನೆನಪಿಡುತ್ತಾರೆ. ಅದಕ್ಕೆ ಮೊದಲು ಆನೆ ಮಾಡಿದ ಬಯಲನ್ನು ಗಮನಿಸುವವರು ಕಡಿಮೆ. ಬಯಲಿಲ್ಲದಿದ್ದರೆ ಮೊಲಕ್ಕೆ ಓಡಿಬರಲು ಸ್ಥಳವೇ ಇರುತ್ತಿರಲಿಲ್ಲ. ಆಗಮಕಾರರು ಆನೆಗೆ ಈ ಕೆಲಸವನ್ನು ವಹಿಸಿದ್ದು ಬರಿಯ ಕಲ್ಪನೆಯಿಂದಲ್ಲವೆಂದು ಕಾಡನ್ನು ಬಲ್ಲವರು ಒಪ್ಪುತ್ತಾರೆ. ಆನೆ ಹೋದ ದಾರಿಯಲ್ಲಿ ಪೊದೆ ಮುರಿದು ಬಿಸಿಲು ನೆಲಕ್ಕಿಳಿಯುತ್ತದೆ, ಬಿಸಿಲು ಬಿದ್ದಲ್ಲಿ ಹುಲ್ಲು ಚಿಗುರುತ್ತದೆ, ಹುಲ್ಲಿಗೆ ಜಿಂಕೆ ಬರುತ್ತದೆ. ಎತ್ತರದ ಕೊಂಬೆಯನ್ನು ಆನೆ ಬಗ್ಗಿಸಿ ಮುರಿದಾಗ ಉಳಿದ ಸೊಪ್ಪು ಗಿಡ್ಡ ಪ್ರಾಣಿಗಳ ಬಾಯಿಗೆ ಎಟಕುತ್ತದೆ. ಬೇಸಿಗೆಯಲ್ಲಿ ಹಳ್ಳ ಬತ್ತಿದಾಗ ಅದು ಮರಳನ್ನು ಕಾಲಿನಿಂದಲೂ ಸೊಂಡಿಲಿನಿಂದಲೂ ತೋಡಿ ಒರತೆ ತೆಗೆಯುತ್ತದೆ. ಅದು ಕುಡಿದು ಹೋದ ಮೇಲೆ ಆ ಗುಂಡಿಯ ನೀರು ಇತರ ಪ್ರಾಣಿಗಳಿಗೆ.

ಅದರ ಲದ್ದಿಯದೇ ಒಂದು ಅಧ್ಯಾಯ. ದಿನವೊಂದಕ್ಕೆ ಸುಮಾರು 150 ಕಿಲೋ ಮೇವು ತಿನ್ನುವ ಆನೆ ಅದರಲ್ಲಿ ಅರ್ಧದಷ್ಟನ್ನೂ ಜೀರ್ಣಿಸಿಕೊಳ್ಳಲಾರದು. ನುಂಗಿದ ಹಣ್ಣಿನ ಬೀಜಗಳು ಹಲವು ಕಿಲೋಮೀಟರ್ ದೂರ ಸಾಗಿ, ಗೊಬ್ಬರದ ನಡುವೆಯೇ ನೆಲಕ್ಕೆ ಬೀಳುತ್ತವೆ. ಲದ್ದಿಯನ್ನು ಹುಳುಗಳು ಮಣ್ಣಿಗಿಳಿಸುತ್ತವೆ, ಗೆದ್ದಲು ತಿನ್ನುತ್ತದೆ, ಕಾಳಿಗಾಗಿ ಹಕ್ಕಿಗಳು ಕೆದಕುತ್ತವೆ. ನಮ್ಮ ಹಿಂದಿನ ಪಂಡಿತರು ‘ಗಜಭುಕ್ತ ಕಪಿತ್ಥ ನ್ಯಾಯ’ ಎಂದು ಆನೆ ನುಂಗಿದ ಬೇಲದ ಹಣ್ಣನ್ನೇ ದೃಷ್ಟಾಂತ ಮಾಡಿಕೊಂಡಿದ್ದರು: ಹೊರಗೆ ಇಡಿಯಾಗಿ ಕಂಡರೂ ಒಳಗೆ ಬರಿದು ಎಂಬ ಅರ್ಥದಲ್ಲಿ. ತರ್ಕದ ಉದಾಹರಣೆಗಾಗಿ ಲದ್ದಿಯನ್ನೂ ನೋಡಿದ್ದ ಅವರ ಕಣ್ಣಿಗೆ ನಮಸ್ಕಾರ ಸಲ್ಲಬೇಕು.

ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯದಲ್ಲಿ, ಜೀವಗಳು ಒಂದಕ್ಕೊಂದು ಉಪಕಾರ ಮಾಡುತ್ತವೆ ಎಂದು ಸಾರುವ ಸೂತ್ರವೊಂದಿದೆ. ಜೈನ ಲಾಂಛನದ ಕೆಳಗೆ ಅದನ್ನು ಬರೆದಿರುವುದನ್ನು ಎಲ್ಲರೂ ಕಂಡಿರುತ್ತಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ಒಡೆಯ–ಸೇವಕ, ಗುರು–ಶಿಷ್ಯ ಎಂಬ ಮನುಷ್ಯಸಂಬಂಧಗಳ ಮೂಲಕ ವಿವರಿಸುತ್ತಾರೆ. ಆದರೆ ಸೂತ್ರದಲ್ಲಿರುವುದು ‘ಮನುಷ್ಯರು’ ಎಂಬ ಪದವಲ್ಲ, ‘ಜೀವಗಳು’ ಎಂಬ ಪದ. ಮಧ್ಯಭಾರತದ ಕಾನ್ಹಾ ಕಾಡಿನಲ್ಲಾಗಲಿ ನಮ್ಮ ಬಂಡೀಪುರದಲ್ಲಾಗಲಿ ಮುಸಿಯಗಳು ಮೇಯುವ ಮರದಡಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಇದು ತಿಳಿಯುತ್ತದೆ. ಮುಸಿಯ ಕಚ್ಚಿ ಬಿಸಾಡಿದ ಎಲೆ, ಹೂ, ಕಾಯಿಗಳನ್ನು ಆಯಲು ಚುಕ್ಕೆ ಜಿಂಕೆಗಳು ಕೆಳಗೆ ನೆರೆಯುತ್ತವೆ. ಮೇಲಿನಿಂದ ಮುಸಿಯ ಹುಲಿಯನ್ನು ಕಂಡರೆ ಕೂಗುತ್ತದೆ, ಜಿಂಕೆ ಎಚ್ಚರಗೊಳ್ಳುತ್ತದೆ. ಕೆಳಗಿನಿಂದ ಜಿಂಕೆ ವಾಸನೆ ಹಿಡಿದು ಕೂಗಿದರೆ ಮುಸಿಯ ಮರವೇರುತ್ತದೆ. ಕಪಿ ಅಭಿನಂದನ ತೀರ್ಥಂಕರರ ಲಾಂಛನ, ಜಿಂಕೆ ಶಾಂತಿನಾಥರದು. ಬಸದಿಯ ಪೀಠದಲ್ಲಿ ಬೇರೆ ಬೇರೆಯಾಗಿ ಕಾಣುವ ಇವೆರಡೂ ಕಾಡಿನಲ್ಲಿ ನೆರೆಹೊರೆ.

ಇನ್ನೊಂದು ಸಂಗತಿಯನ್ನು ಶ್ರಾವಕರು ವಿಶೇಷವಾಗಿ ಗಮನಿಸಬೇಕು. ಮದ್ಯ, ಮಾಂಸ, ಮಧುಗಳೊಡನೆ ಪಂಚ ಉದುಂಬರ ಫಲಗಳ ತ್ಯಾಗವೂ ಅಷ್ಟ ಮೂಲಗುಣಗಳಲ್ಲಿ ಸೇರಿದೆ. ಆಲ, ಅರಳಿ, ಅತ್ತಿ, ಬಸರಿ ಮೊದಲಾದ ಆ ಹಣ್ಣುಗಳೊಳಗೆ ತ್ರಸಜೀವಿಗಳಿರುತ್ತವೆ ಎಂಬುದು ಕಾರಣ. ಇಂದಿನ ಜೀವಶಾಸ್ತ್ರವೂ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತದೆ: ಅತ್ತಿಯ ಕುಲದ ಮರಗಳಿಗೆ ಪರಾಗಸ್ಪರ್ಶ ಮಾಡುವುದು ಆ ಕಾಯಿಯೊಳಗೇ ಹುಟ್ಟಿ ಬೆಳೆಯುವ ಪುಟ್ಟ ಕಣಜಗಳು. ಇತರ ಮರಗಳು ಬರಿದಾದ ಕಾಲದಲ್ಲೂ ಕಾಡಿನಲ್ಲಿ ಯಾವುದಾದರೊಂದು ಆಲವೋ ಅತ್ತಿಯೋ ಹಣ್ಣು ಬಿಟ್ಟಿರುತ್ತದೆ. ಪಶ್ಚಿಮಘಟ್ಟದ ಸಿಂಗಳೀಕ, ಕೆಂಜಳಿಲು, ಕರಡಿ, ಪುನುಗುಬೆಕ್ಕು, ಬಾವಲಿಗಳೆಲ್ಲ ಕಷ್ಟಕಾಲದಲ್ಲಿ ಅವುಗಳ ಆಶ್ರಯಕ್ಕೆ ಬರುತ್ತವೆ. ಶ್ರಾವಕನು ವ್ರತದಿಂದ ಬಿಟ್ಟ ಹಣ್ಣು ಎಷ್ಟೋ ಜೀವಗಳ ಅನ್ನ. ಆದರೆ ಹಣ್ಣನ್ನು ಬಿಟ್ಟವನು ಮರವನ್ನೂ ನಿರುಪಯುಕ್ತವೆಂದು ಕಡಿದರೆ ಆ ವ್ರತದಲ್ಲಿ ಉಳಿಯುವುದೇನು?

ಬಾವಲಿಗಳ ಪಾಲಿಗೆ ಬಂದದ್ದು ಮಾತ್ರ ನಿಂದೆ. ಹಳೆಯ ಕಲ್ಲಿನ ಬಸದಿಗಳ ಕತ್ತಲೆಯಲ್ಲಿ ತೂಗುವ ಅವುಗಳನ್ನು ಅಶುಭವೆಂದು ಹೊಗೆ ಹಾಕಿ ಓಡಿಸುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೂಡ ದಶಕಗಳ ಕಾಲ ಹಣ್ಣುಬಾವಲಿಯನ್ನು ಇಲಿ, ಕಾಗೆಗಳೊಂದಿಗೆ ಉಪದ್ರವಿಗಳ ಪಟ್ಟಿಯಲ್ಲಿರಿಸಿತ್ತು; 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ಹಿಪ್ಪೆಯ ಬೀಜವನ್ನು ದೂರಕ್ಕೊಯ್ದು ಬೀಳಿಸುವುದು, ರಾತ್ರಿ ಅರಳುವ ಬೂರುಗದ ಹೂವುಗಳಿಗೆ ಪರಾಗ ಮುಟ್ಟಿಸುವುದು ಇದೇ ನಿಂದಿತ ಪ್ರಾಣಿ.

ಪಾಠಶಾಲೆಯ ಮಕ್ಕಳು ಇಲ್ಲಿ ಒಂದು ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾರೆ. ಆನೆ, ಕಪಿ, ಜಿಂಕೆಗಳ ಉಪಕಾರ ಸರಿ. ಹುಲಿಯದು ಯಾವ ಉಪಕಾರ? ಅದು ಹಿಂಸೆಯಲ್ಲವೇ? ಪ್ರಶ್ನೆಯನ್ನು ಸುಮ್ಮನಾಗಿಸುವುದು ಸುಲಭ, ಉತ್ತರಿಸುವುದು ಕಷ್ಟ. ಜೈನಶಾಸ್ತ್ರ ಬೇಟೆಯನ್ನು ಪುಣ್ಯವೆಂದು ಎಂದೂ ಹೇಳಿಲ್ಲ. ಹಿಂಸ್ರಪಶುವೂ ಕರ್ಮಬದ್ಧ ಜೀವವೇ, ಅದರ ಕ್ರೌರ್ಯವೂ ಬಂಧಕ್ಕೆ ಕಾರಣವೇ. ಆದರೂ ಪೂಜ್ಯಪಾದರು ಉಪಗ್ರಹವೆಂಬ ಮಾತಿನ ವ್ಯಾಪ್ತಿಯನ್ನು ಹೇಳುವಾಗ ಸುಖ, ಜೀವಿತಗಳನ್ನಷ್ಟೇ ಅಲ್ಲ, ದುಃಖ, ಮರಣಗಳನ್ನೂ ಜೀವಗಳು ಪರಸ್ಪರರಿಗೆ ತರುತ್ತವೆಂದು ಸೇರಿಸಿದ್ದಾರೆ. ಕಾಡಿನ ಲೆಕ್ಕ ಅಷ್ಟು ಕಠಿಣವಾದುದೆಂದು ಅವರು ಬಲ್ಲರು. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗಿ, ಒಂದು ಹಿಂಸ್ರಪ್ರಾಣಿಯನ್ನು ಕೊಂದರೆ ಅನೇಕ ಜೀವಗಳು ಉಳಿಯುತ್ತವೆಂಬ ವಾದವನ್ನು ಎತ್ತಿಕೊಂಡು, ಹಾಗೆಣಿಸಿ ಅದನ್ನು ಕೊಲ್ಲಬಾರದೆಂದು ನಿಷೇಧಿಸಿದ್ದಾರೆ.

ಸಾವಿರ ವರ್ಷದ ಹಿಂದಿನ ಈ ನಿಷೇಧವನ್ನು ಕಡೆಗಣಿಸಿದ ಕಡೆ ಆದದ್ದೇನೆಂಬುದಕ್ಕೆ ದೂರದ ನಿದರ್ಶನವೊಂದಿದೆ. ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದಲ್ಲಿ 1920ರ ದಶಕದ ಹೊತ್ತಿಗೆ ತೋಳಗಳನ್ನು ನಿಶ್ಶೇಷ ಮಾಡಲಾಯಿತು. ಎಲ್ಕ್ ಎಂಬ ದೊಡ್ಡ ಜಿಂಕೆಗಳು ಹೆಚ್ಚಿ ಹೊಳೆಯಂಚಿನ ಎಳೆಯ ಗಿಡಗಳು ಮೇಲೇಳಲಿಲ್ಲ. ಕೊನೆಗೆ 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಡಬೇಕಾಯಿತು. ಬಳಿಕ ಕಂಡ ಹಸಿರಿನಲ್ಲಿ ತೋಳದ ಪಾಲೆಷ್ಟು ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಚರ್ಚೆಯಿದೆ. ತೋಳವನ್ನು ಕೊಂದದ್ದು ಉಪಕಾರವೆಂದು ಮಾತ್ರ ಈಗ ಹೇಳುವವರು ವಿರಳ.

ಮಹಾವೀರರ ಜೀವವೇ ಹಿಂದಿನ ಭವವೊಂದರಲ್ಲಿ ಸಿಂಹವಾಗಿತ್ತೆಂದು ಗುಣಭದ್ರರ ಉತ್ತರಪುರಾಣ ತಿಳಿಸುತ್ತದೆ. ಜಿಂಕೆಯನ್ನು ಕೊಂದ ಆ ಸಿಂಹದ ಬಳಿಗೆ ಇಬ್ಬರು ಚಾರಣಮುನಿಗಳು ಬಂದದ್ದು ಬಿಲ್ಲುಬಾಣಗಳೊಡನೆ ಅಲ್ಲ, ಉಪದೇಶದೊಡನೆ. ಅಂದು ಯಾರಾದರೂ ಆ ಸಿಂಹವನ್ನು ‘ಉಪದ್ರವಿ’ ಎಂದು ಕೊಂದಿದ್ದರೆ ಅದಕ್ಕೆ ಆ ಉಪದೇಶ ದಕ್ಕುತ್ತಿತ್ತೇ?

ಇಷ್ಟು ಹೇಳಿದ ಮೇಲೆ ಬಸದಿಯಿಂದ ತೋಟದ ಬೇಲಿಗೆ ಬರಬೇಕಾಗುತ್ತದೆ. ಮಲೆನಾಡಿನ ಕಾಫಿ, ಅಡಿಕೆ ತೋಟಗಳ ಒಡೆಯರಲ್ಲಿ ಜೈನ ಗೃಹಸ್ಥರು ಅನೇಕರು. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ, ದೇಶದಲ್ಲೇ ಇದು ಹೆಚ್ಚು. ಬೆಳಿಗ್ಗೆ ಅಜಿತನಾಥರ ಪೀಠದ ಆನೆಗೆ, ವಿಮಲನಾಥರ ಪೀಠದ ವರಾಹಕ್ಕೆ ಕೈಮುಗಿದು ಬಂದವನೇ ರಾತ್ರಿ ಬಾಳೆ ಮುರಿದ ಆನೆಯನ್ನೂ ಗದ್ದೆ ಉತ್ತುಹಾಕಿದ ಕಾಡುಹಂದಿಯನ್ನೂ ಎದುರಿಸಬೇಕು. ನಷ್ಟ ನಿಜವಾದುದು, ಹಾಸನ, ಕೊಡಗು ಜಿಲ್ಲೆಗಳಲ್ಲಿ ಮನೆಯ ಯಜಮಾನನನ್ನೇ ಕಳೆದುಕೊಂಡ ಕುಟುಂಬಗಳಿವೆ. ಅವರಿಗೆ ಲದ್ದಿಯ ಮಹಿಮೆಯನ್ನು ಬೋಧಿಸುವುದು ಅಹಿಂಸೆಯಲ್ಲ, ಒರಟುತನ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನ ಕಾಡಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದಿಗೆ ಸೆಣಸಿ ದಸರೆಯ ಅಂಬಾರಿ ಹೊತ್ತಿದ್ದ ಅರ್ಜುನ ಮಡಿದಾಗ ನಾಡೇ ಕಣ್ಣೀರಿಟ್ಟಿತು. ಈ ಸಂಕಟದಲ್ಲಿ ಎರಡೂ ಕಡೆ ಸಾವಿದೆ.

ಶಾಸ್ತ್ರ ಗೃಹಸ್ಥನಿಗೆ ಅಸಾಧ್ಯವಾದುದನ್ನು ವಿಧಿಸಿಲ್ಲ. ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ಹಿಂಸೆಯನ್ನು ನಾಲ್ಕಾಗಿ ವಿಂಗಡಿಸಿ, ಸಂಕಲ್ಪಿಯೊಂದನ್ನು ಮಾತ್ರ ಪೂರ್ಣವಾಗಿ ಬಿಡಲು ಹೇಳಿದೆ. ಮೇಲೆರಗಿದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳುವುದು ವಿರೋಧಿ ಹಿಂಸೆಯ ವರ್ಗಕ್ಕೆ ಸೇರಬಹುದು. ಆದರೆ ಬೇಲಿಗೆ ಉರುಳು ಕಟ್ಟಿ ಬಂದು ಮನೆಯಲ್ಲಿ ನಿದ್ದೆಹೋಗುವುದನ್ನೂ, ಕಂಬದ ವಿದ್ಯುತ್ತನ್ನು ನೇರವಾಗಿ ತಂತಿಗೆ ಹರಿಸುವುದನ್ನೂ ಆ ಹೆಸರಿನಿಂದ ಕರೆಯಲು ಬಾರದು. ಅಲ್ಲಿ ಎರಗಿದವರು ಯಾರೂ ಇಲ್ಲ. ಇರುವುದು ಮುಂಚಿತವಾಗಿ ಮಾಡಿದ ಸಂಕಲ್ಪ. ಹಂದಿಗೆಂದು ಹಾಕಿದ ಉರುಳು ಹಂದಿಯನ್ನೇ ಹಿಡಿಯುವುದೆಂದೂ ಇಲ್ಲ. ಎಷ್ಟೋ ಸಲ ಸೊಂಟಕ್ಕೆ ತಂತಿ ಬಿಗಿದು ನರಳಿ ಸಾಯುವುದು ಚಿರತೆ. ಹಂದಿಯ ಮರಿಗಳನ್ನು ತಿಂದು ಅವುಗಳ ಸಂಖ್ಯೆಯನ್ನು ಹಿಡಿತದಲ್ಲಿಡುವ ಪ್ರಾಣಿಯೇ ಅದು.

ಸೌರಬೇಲಿಯ ತಂತಿ ಸರಿಯಾಗಿ ಅಳವಡಿಸಿದ್ದರೆ ಬೆದರಿಸುತ್ತದೆ, ಕೊಲ್ಲುವುದಿಲ್ಲ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ 2021ರಲ್ಲಿ ಕೊಡಗಿನಲ್ಲಿ ಆನೆದಾರಿಗೆ ಅಡ್ಡವಾಗಿ ಜೇನುಪೆಟ್ಟಿಗೆಗಳನ್ನಿಡುವ ಪ್ರಯೋಗ ಆರಂಭಿಸಿತು. ಜೇನಿನ ಝೇಂಕಾರಕ್ಕೆ ಆನೆ ಹಿಂಜರಿಯುತ್ತದೆ. ಮಧುತ್ಯಾಗ ಮಾಡಿದ ಶ್ರಾವಕನಿಗೆ ಇಲ್ಲೊಂದು ಇಕ್ಕಟ್ಟಿದೆ. ಪೆಟ್ಟಿಗೆಯನ್ನಿಟ್ಟು ತುಪ್ಪವನ್ನು ತೆಗೆಯದೆ ಬಿಡಬಹುದೇ, ಸಾಕುವುದೇ ದೋಷವೇ ಎಂಬುದನ್ನು ತಿಳಿದವರಲ್ಲಿ ಕೇಳಿಯೇ ನಿರ್ಧರಿಸಬೇಕು. ಅಂತಹ ಇಕ್ಕಟ್ಟಿಲ್ಲದ ಇನ್ನೊಂದು ದಾರಿ ಹಾಸನದ ಆನೆಪೀಡಿತ ಊರುಗಳಲ್ಲಿದೆ. ಆನೆಗಳು ಎಲ್ಲಿವೆಯೆಂಬ ಸುದ್ದಿ ಮೊಬೈಲ್ ಸಂದೇಶವಾಗಿ ಬರುತ್ತದೆ, ರಸ್ತೆಯ ಬದಿಯಲ್ಲಿ ಎಚ್ಚರಿಕೆಯ ದೀಪ ಉರಿಯುತ್ತದೆ. ಸಂದೇಶ ಕಂಡ ತೋಟದ ಯಜಮಾನ ಆ ದಿನ ಆಳುಗಳನ್ನು ಆ ಭಾಗಕ್ಕೆ ಕಳಿಸದೆ ಬೇರೆ ಕೆಲಸಕ್ಕೆ ಹಚ್ಚುತ್ತಾನೆ, ಇಲ್ಲವೇ ಕೂಲಿ ಕೊಟ್ಟು ಮನೆಗೆ ಕಳಿಸುತ್ತಾನೆ. ಹಣ್ಣಾದ ಕಾಫಿ ಇನ್ನೊಂದು ದಿನ ಗಿಡದಲ್ಲೇ ಇರುತ್ತದೆ. ಒಂದಿಷ್ಟು ಉದುರುತ್ತದೆ. ಸಂಜೆಯ ಹೊತ್ತಿಗೆ ಹಿಂಡು ಮುಂದಿನ ತೋಟವನ್ನು ದಾಟಿ ಹೋಗಿರುತ್ತದೆ.