ಜೀವಕ್ಕೆಂದೇ ಬೇರೆ ಕೆಮಿಸ್ಟ್ರಿ ಇಲ್ಲ

‘ಇದರಲ್ಲಿ ಕೆಮಿಕಲ್ ಇಲ್ಲ ತಾನೆ?’ ಅಂಗಡಿಯಲ್ಲಿ ಹೀಗೆ ಕೇಳುವವರ ಕಾಳಜಿ ನ್ಯಾಯವಾದದ್ದೇ. ಹಾನಿ ಮಾಡುವಂಥದ್ದೇನೂ ಬೆರೆಸಿಲ್ಲವಷ್ಟೆ ಎಂಬುದು ಅವರ ಪ್ರಶ್ನೆ. ಆದರೆ ಆ ಮಾತು ಪಿಯುಸಿ ವಿದ್ಯಾರ್ಥಿಯ ತಲೆಯಲ್ಲಿ ‘ಜೀವ ಬೇರೆ, ಕೆಮಿಕಲ್ ಬೇರೆ’ ಎಂದು ಕೂತುಬಿಟ್ಟರೆ ಜೀವಶಾಸ್ತ್ರದ ಅರ್ಧ ಭಾಗ ಬಾಯಿಪಾಠವಾಗಿಯೇ ಉಳಿಯುತ್ತದೆ. ನಮ್ಮ ಮೈತೂಕದ ಸುಮಾರು ಶೇ 96ರಷ್ಟು ಆಮ್ಲಜನಕ, ಇಂಗಾಲ, ಜಲಜನಕ, ಸಾರಜನಕ ಎಂಬ ನಾಲ್ಕೇ ಧಾತುಗಳು. ಗಾಳಿ, ನೀರು, ಮಣ್ಣಿನಲ್ಲೂ ಇವೇ ಧಾತುಗಳು ಸಿಗುತ್ತವೆ.

ಜೀವಿಗಳ ವಸ್ತುಗಳನ್ನು ತಯಾರಿಸಲು ವಿಶೇಷವಾದೊಂದು ‘ಜೀವಶಕ್ತಿ’ ಬೇಕೆಂದು 19ನೇ ಶತಮಾನದ ಆರಂಭದಲ್ಲಿ ವಿಜ್ಞಾನಿಗಳೇ ಅನೇಕರು ನಂಬಿದ್ದರು. 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಅಮೋನಿಯಂ ಸಯನೇಟ್‌ನಿಂದ ಯೂರಿಯಾ ಪಡೆದದ್ದನ್ನು ಪ್ರಕಟಿಸಿದರು. ನಮ್ಮ ಯಕೃತ್ತು ತಯಾರಿಸಿ ಮೂತ್ರದಲ್ಲಿ ಹೊರಹೋಗುವ ಯೂರಿಯಾಕ್ಕೂ ರೈತರು ಗದ್ದೆಗೆ ಎರಚುವ ಮೂಟೆಯ ಯೂರಿಯಾಕ್ಕೂ ಅಣುವಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. 1897ರಲ್ಲಿ ಎಡ್ವರ್ಡ್ ಬುಕ್ನರ್ ಯೀಸ್ಟನ್ನು ಅರೆದು ಹಿಂಡಿದ ರಸದಿಂದಲೇ ಸಕ್ಕರೆಯನ್ನು ಹುದುಗಿಸಿ ತೋರಿಸಿದರು. ಜೀವಂತ ಕೋಶದ ಅಗತ್ಯವೇ ಬೀಳಲಿಲ್ಲ; ರಸದಲ್ಲಿದ್ದ ಕಿಣ್ವಗಳೇ, ಅಂದರೆ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್‌ಗಳೇ, ಸಾಕಾದವು.

‘ಕಾಯಿಸಿದರೆ ಕಿಣ್ವ ಸಾಯುತ್ತದೆ’ ಎಂದು ಬರೆಯುವ ವಿದ್ಯಾರ್ಥಿಗಳಿದ್ದಾರೆ. ಸಾಯಲು ಅದಕ್ಕೆ ಜೀವವೇ ಇಲ್ಲ. ಬಿಸಿಗೆ ಅದರ ಮಡಿಕೆ ಬಿಚ್ಚಿಹೋಗಿ ಆಕಾರ ಕೆಡುತ್ತದೆ, ಅಷ್ಟೆ.

‘ಪಿಷ್ಟ ಬೇರೆ, ನಾರು ಬೇರೆ’ ಎಂಬುದೂ ಅರ್ಧ ಸತ್ಯ. ಅಕ್ಕಿಯ ಪಿಷ್ಟವೂ ಭತ್ತದ ಹುಲ್ಲಿನ ಸೆಲ್ಯುಲೋಸೂ ಗ್ಲೂಕೋಸನ್ನೇ ಪೋಣಿಸಿದ ಸರಗಳು. ಪಿಷ್ಟದಲ್ಲಿ ಆಲ್ಫಾ ಕೊಂಡಿ, ಸೆಲ್ಯುಲೋಸ್‌ನಲ್ಲಿ ಬೀಟಾ ಕೊಂಡಿ. ಒಂದು ತುತ್ತು ಅನ್ನವನ್ನು ನುಂಗದೆ ಎರಡು ನಿಮಿಷ ಅಗಿಯುತ್ತಿರಿ. ನಾಲಗೆಗೆ ನಿಧಾನವಾಗಿ ಸಿಹಿ ತಿಳಿಯುತ್ತದೆ. ಜೊಲ್ಲಿನ ಅಮೈಲೇಸ್ ಪಿಷ್ಟವನ್ನು ಕತ್ತರಿಸಿ ಮಾಲ್ಟೋಸ್ ಮಾಡಿದ ರುಚಿ ಅದು. ಹುಲ್ಲನ್ನು ದಿನವಿಡೀ ಅಗಿದರೂ ಹಾಗಾಗದು, ಏಕೆಂದರೆ ಬೀಟಾ ಕೊಂಡಿಗೆ ಹೊಂದುವ ಕಿಣ್ವ ನಮ್ಮಲ್ಲಿಲ್ಲ. ಹಸುವಿಗೂ ಸ್ವಂತದ್ದೇನಿಲ್ಲ. ಅದರ ಹೊಟ್ಟೆಯ ಮೊದಲ ಕೋಣೆಯಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡಿಕೊಡುತ್ತವೆ.

ಎಲ್ಲಕ್ಕಿಂತ ಮೊಂಡು ತಪ್ಪು ಕಲ್ಪನೆ ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಅಣುವಾದ ಎಟಿಪಿಯದು. ‘ಫಾಸ್ಫೇಟ್ ಬಂಧದೊಳಗೆ ಶಕ್ತಿ ತುಂಬಿಟ್ಟಿದೆ, ಬಂಧ ಮುರಿದರೆ ಹೊರಬರುತ್ತದೆ’ ಎಂದು ಚುರುಕು ವಿದ್ಯಾರ್ಥಿಗಳೂ ಹೇಳುತ್ತಾರೆ. ‘ಅಧಿಕ ಶಕ್ತಿಯ ಬಂಧ’ ಎಂಬ ಹೆಸರೇ ಅವರನ್ನು ದಾರಿ ತಪ್ಪಿಸುತ್ತದೆ. ಯಾವ ಬಂಧವೂ ಪುಕ್ಕಟೆ ಮುರಿಯುವುದಿಲ್ಲ. ಅಂಟಿಕೊಂಡ ಎರಡು ಅಯಸ್ಕಾಂತಗಳನ್ನು ಬಿಡಿಸಿ ನೋಡಿ: ಕೀಳುವಾಗ ಬಲ ಹಾಕುವವರು ನೀವು, ಕೂಡುವಾಗ ಅವೇ ಟಪ್ಪೆಂದು ಹಾರಿ ಸೇರುತ್ತವೆ. ಎಟಿಪಿಯಲ್ಲಿ ಋಣ ಆವೇಶದ ಮೂರು ಫಾಸ್ಫೇಟ್‌ಗಳು ಒಂದನ್ನೊಂದು ದೂಡುತ್ತ ಒತ್ತಾಗಿ ಕೂತಿರುತ್ತವೆ. ನೀರಿನೊಡನೆ ವರ್ತಿಸಿ ಕೊನೆಯದು ಕಳಚಿದಾಗ ಹೊಸ ಬಂಧಗಳು ಮೂಡುತ್ತವೆ, ದೂಡಾಟ ತಗ್ಗುತ್ತದೆ, ಬೇರಾದ ತುಂಡುಗಳನ್ನು ನೀರಿನ ಅಣುಗಳು ಸುತ್ತುವರಿಯುತ್ತವೆ. ಮುರಿಯಲು ತೆತ್ತದ್ದಕ್ಕಿಂತ ಇದರಿಂದ ಬಂದದ್ದು ಹೆಚ್ಚು. ಆ ಮಿಕ್ಕ ಶಕ್ತಿಯೇ, ಪ್ರಮಾಣಿತ ಸ್ಥಿತಿಯಲ್ಲಿ ಮೋಲ್‌ಗೆ ಸುಮಾರು 30.5 ಕಿಲೋಜೌಲ್, ಕೋಶದ ಕೆಲಸಕ್ಕೆ ಒದಗುವುದು.

ಪಾಠ ಮಾಡುವವರಲ್ಲಿ ಒಂದು ವಿನಂತಿ: ಬೋರ್ಡಿನ ಮೇಲೆ ಎಟಿಪಿ ಬರೆದು ಬಾಣ ಎಳೆಯುವ ಮುನ್ನ, ಪಕ್ಕದಲ್ಲಿ ಆ ನೀರಿನ ಅಣುವನ್ನೂ ತಪ್ಪದೆ ಬರೆಯಿರಿ.